ಎಡೆಗೆ ಬಾರದ ಕಾಗೆ

ಕಾಗೆಗಳ ವಿಷಯ ತನಗೆ ಚೆನ್ನಾಗಿ ಗೊತ್ತು ಎಂದು ಉದಯ ಬಾಯಿಬಿಟ್ಟದ್ದೇ ಆ ದಿನದ ತಾಪತ್ರಯಕ್ಕೆಲ್ಲ ಮೂಲ.

ಕುಮಟಾದ ಒಂದು ಸೊಸೈಟಿಯಲ್ಲಿ ಗುಮಾಸ್ತನಾಗಿದ್ದ ಅವನಿಗೆ ಹಕ್ಕಿಗಳ ಹುಚ್ಚು. ಹತ್ತಿರದ ಬಾಡ ಊರಿನ ತನ್ನ ಮನೆಯ ಹಿತ್ತಲಲ್ಲಿ ಪೇರಲ ಮರಕ್ಕೊಂದು ಕ್ಯಾಮೆರಾ ಕಟ್ಟಿದ್ದ. ಎದುರಿಗೆ ಏನು ಅಲುಗಾಡಿದರೂ ಅದು ತಾನಾಗಿಯೇ ವಿಡಿಯೋ ಚಿತ್ರ ಹಿಡಿಯುತ್ತಿತ್ತು. ಮಿಂಚುಳ್ಳಿ ಮೀನನ್ನು ಕೊಂಬೆಗೆ ಬಡಿಯುವುದನ್ನು, ಕಾಗೆ ತಿಂಡಿ ಬಚ್ಚಿಡುವುದನ್ನು ಊಟ ಮರೆತು ನೋಡುತ್ತಿದ್ದ. ಜೀವಮಾನವನ್ನು ದೋಣಿಯಲ್ಲೇ ಕಳೆದ ಅಪ್ಪ ರಮಾನಂದನಿಗೆ ಇದು ಹಿಡಿಸುತ್ತಿರಲಿಲ್ಲ. “ಮೀನು ಹಿಡಿಯೂದು ಬಿಟ್ಟು, ಮೀನು ಹಿಡಿಯೂ ಹಕ್ಕಿ ನೋಡ್ತಾ ಕೂತ್ಯಲ್ಲ” ಎಂದು ಗೊಣಗುತ್ತಲೇ ಹೋದ ವರ್ಷ ತೀರಿಕೊಂಡಿದ್ದ.

ಅಪ್ಪ ತನ್ನ ಮೇಲೆ ಬೇಸರಪಟ್ಟುಕೊಂಡೇ ಹೋದನೇ ಎಂಬ ಕೊರಗು ಉದಯನನ್ನು ಬಿಟ್ಟಿರಲಿಲ್ಲ. ಇವತ್ತು ಅಪ್ಪನ ವರ್ಷಾಂತಿಕ. ಕಾಗೆ ಎಡೆ ಮುಟ್ಟಿದರೆ ಅಪ್ಪ ತೃಪ್ತ. ಮುಟ್ಟದಿದ್ದರೆ ಏನೋ ಬಾಕಿ ಉಳಿದಿದೆ ಎಂದರ್ಥ, ಯಾರೂ ಊಟಕ್ಕೆ ಕೂರುವಂತಿಲ್ಲ.

ಪೇರಲ ಮರದ ಎದುರಿನ ಕಲ್ಲಿನ ಮೇಲೆ ಬಾಳೆಲೆ ಹಾಸಿ ಅನ್ನ, ಬಂಗಡೆ ಸಾರು, ಹುರಿದ ನೊಗಲಿ ಮೀನು, ಒಂದು ರಾಶಿ ವಡೆ ಬಡಿಸಿ ಎಲ್ಲರೂ ಹಿಂದೆ ಸರಿದು ನಿಂತರು. ಆಗಲೇ ಉದಯ ಹೇಳಿದ್ದು, “ದಿಟ್ಟಿಸಿ ನೋಡ್ತಾ ನಿಂತ್ರೆ ಕಾಗೆ ಇಳಿಯೂದಿಲ್ಲ. ಕ್ಯಾಮೆರಾದಲ್ಲಿ ನೂರು ಸಲ ನೋಡಿದ್ದೆ. ಎಲ್ಲರೂ ಸ್ವಲ್ಪ ಹೊತ್ತು ಬೆನ್ನು ಹಾಕಿ ನಿಲ್ಲಿ.”

ಕಾಗಾಲದಿಂದ ಬಂದ ಸೋದರತ್ತೆ ಮಂಗಲಾ, ತಂಗಿಯ ಗಂಡ ಭಾಸ್ಕರ, ಪಕ್ಕದ ಮನೆಯ ಪರಮೇಶ್ವರಿ ಎಲ್ಲರೂ ಶಿಕ್ಷೆಗೊಳಗಾದ ಶಾಲಾ ಮಕ್ಕಳಂತೆ ಗೋಡೆಗೆ ಮುಖ ಮಾಡಿ ನಿಂತರು. ಉದಯನೂ ನಿಂತ. ಕಣ್ಣು ಮುಚ್ಚಿ ಅಪ್ಪನನ್ನು ನೆನೆದ. ಆಮೇಲೆ ತಿರುಗಿ ನೋಡಿದರೆ ಎಲೆ ಹಾಕಿದ ಹಾಗೇ ಇತ್ತು.

“ನಿನ್ನ ಕಾಗೆ ಶಾಸ್ತ್ರ ಸಾಕು” ಎಂದಳು ಮಂಗಲತ್ತೆ. “ಇನ್ನು ಕಣ್ಣಿಟ್ಟು ಕಾಯೂದೇ ಸರಿ.”

ಅಲ್ಲಿಂದ ಎಲ್ಲರೂ ಎಲೆಯ ಮೇಲೆ ನೆಟ್ಟ ದೃಷ್ಟಿ ಕೀಳಲಿಲ್ಲ. ಮಾಡಿನ ಮೇಲೆ ಕಾಗೆಗಳು ಬಂದು ಕೂತವು, ಕತ್ತು ಓರೆ ಮಾಡಿ ಇವರನ್ನೇ ನೋಡಿದವು, ಹಾರಿಹೋದವು. ಒಳಗಿನಿಂದ ಮೀನು ಸಾರಿನ ಪರಿಮಳ ಬಂದು ಹಸಿದ ಹೊಟ್ಟೆಗಳನ್ನು ಕೆಣಕತೊಡಗಿತು.

“ಮಾವನ ಮನಸ್ಸಲ್ಲಿ ಎಂತದೋ ಉಳಿದದೆ” ಎಂದ ಭಾಸ್ಕರ, ಮೇಲೆ ಆಕಾಶ ನೋಡುತ್ತ. “ದೋಣಿ ಎಂಜಿನ್ ಅಳಿಯನಿಗೇ ಸಲ್ಲಬೇಕು ಹೇಳಿ ಅವ್ರಿಗೆ ಇತ್ತೇನ. ಮೂಲೆಲಿ ತುಕ್ಕು ಹಿಡೀತಾ ಬಿದ್ದದಲ್ಲ.”

“ಆತು ಬಾವ, ತಗೊಂಡು ಹೋಗು” ಎಂದ ಉದಯ. ಕಾಗೆ ಬರಲಿಲ್ಲ.

ಪರಮೇಶ್ವರಿ ಕೆಮ್ಮಿದಳು. “ನಾನು ಹೊರಗಿನವಳು, ಹೇಳಬಾರದು. ಆದ್ರೆ ರಮಾನಂದಣ್ಣ ಇದ್ದಾಗ ನಿಮ್ಮ ಹಿತ್ತಲಲ್ಲೇ ಕಡಲಿಗೆ ಹೋಗ್ತಿದ್ದೆ. ನೀನು ಬೇಲಿ ಹಾಕ್ದೆ. ಅದು ಅವ್ರಿಗೆ ಸರಿ ಕಾಣ್ಲಿಲ್ಲ ಕಾಣ್ತದೆ.”

ಬೇಲಿ ಹಾಕಿಸಿದ್ದು ಅಪ್ಪನೇ. ಅದನ್ನು ಹೇಳುವ ತ್ರಾಣ ಉದಯನಲ್ಲಿರಲಿಲ್ಲ. “ನಾಳೆನೇ ಬೇಲಿ ತೆಗೀತೆ ಅಕ್ಕ” ಎಂದ. ಆಗಲೂ ಕಾಗೆ ಬರಲಿಲ್ಲ. ಅಪ್ಪನಿಗೆ ಇಷ್ಟೊಂದು ಸಿಟ್ಟೇ?

ಮಂಗಲತ್ತೆ ಮುಂದೆ ಬಂದು ಅವನೆದುರು ಅಂಗೈ ಚಾಚಿದಳು. “ಎಲ್ಲಾ ಸುಳ್ಳು. ಅಣ್ಣನಿಗೆ ಆಗದೇ ಇದ್ದದ್ದು ಒಂದೇ, ಆ ಕ್ಯಾಮೆರಾ. ಇನ್ನು ಮುಟ್ಟೂದಿಲ್ಲ ಹೇಳಿ ನನ್ನ ಕೈ ಮೇಲೆ ಮಾತು ಕೊಡು.”

ಉದಯ ಕೊಡುತ್ತಾನೋ ಇಲ್ಲವೋ ಎಂದು ಎಲ್ಲರ ಕಣ್ಣೂ ಅತ್ತೆಯ ಅಂಗೈ ಮೇಲೆ. ಅವನು ಮರದ ಕಡೆಗೊಮ್ಮೆ ಆಸೆಯಿಂದ ನೋಡಿ, ತನ್ನ ಕೈಯನ್ನು ಆ ಕೈ ಮೇಲಿಟ್ಟ. ರೆಕ್ಕೆ ಬಡಿದ ಸದ್ದಾಯಿತು. ತಿರುಗಿದರೆ ಕಾಗೆ ಎಲೆಯ ನಡುವೆ ನಿಂತು ನೊಗಲಿಯನ್ನು ಕುಕ್ಕುತ್ತಿತ್ತು.

“ಕಂಡ್ಯಾ” ಎಂದಳು ಮಂಗಲತ್ತೆ. ಉದಯ ನಿಂತಲ್ಲೇ ಅಡ್ಡಬಿದ್ದ. ಎಲ್ಲರೂ ಎರಡೆರಡು ಸಲ ಬಡಿಸಿಕೊಂಡು ಉಂಡರು.

ಊಟವಾದ ಮೇಲೆ ಅವನು ಮಾತಿನಂತೆ ಕ್ಯಾಮೆರಾ ಬಿಚ್ಚಿದ. ಅತ್ತೆಯ ಕೈಗೆ ಕೊಡುವ ಮುಂಚೆ, ಕೊನೆಯ ಸಲ ಎಂದುಕೊಂಡು ಅವತ್ತಿನ ಚಿತ್ರಗಳನ್ನು ನೋಡಿದ. ನೋಡಿದವನು ಜಗಲಿಯಲ್ಲೇ ಕೂತು ಮತ್ತೊಮ್ಮೆ ಹಾಕಿ ನೋಡಿದ.

ಚಿತ್ರದಲ್ಲಿ ಎಲ್ಲರೂ ಗೋಡೆಗೆ ಮುಖ ಮಾಡಿ ನಿಂತಿದ್ದರು. ಹಿಂದೆ ಒಂದು ಕಾಗೆ ಸದ್ದಿಲ್ಲದೆ ಇಳಿಯಿತು. ಅನ್ನಕ್ಕೆ ಕೊಕ್ಕು ತಾಗಿಸಿತು, ರಾಶಿಯಿಂದ ಒಂದು ವಡೆ ಕಚ್ಚಿಕೊಂಡು ಹೋಯಿತು.

ಎಂಜಿನ್ ಇಲ್ಲ, ಬೇಲಿ ಇಲ್ಲ, ಕ್ಯಾಮೆರಾ ಇಲ್ಲ. ಯಾವ ಮಾತನ್ನೂ ಕೇಳದೆ ಅಪ್ಪ ಬಂದು ಉಂಡು ಹೋಗಿದ್ದ. ಉದಯನ ಕಣ್ಣು ತುಂಬಿತು. ಇಡೀ ವರ್ಷದ ಕೊರಗು ಆ ಒಂದು ಚಿತ್ರದಲ್ಲಿ ಕರಗಿತು. ಅಪ್ಪನಿಗೂ ಆ ಕಾಗೆಗೂ ಮನಸ್ಸಿನಲ್ಲೇ ಕೈಮುಗಿದ. ಆಮೇಲೆ ಗುಮಾಸ್ತನ ಬುದ್ಧಿ ಎಚ್ಚರವಾಯಿತು. ಹಾಗಾದರೆ ಕೊಟ್ಟ ಮಾತುಗಳೆಲ್ಲ ರದ್ದು.

ಓಡಿಹೋಗಿ ಎಲ್ಲರನ್ನೂ ಕರೆದು ತೋರಿಸಿದ. ಮಂಗಲತ್ತೆ ನೋಡಿದಳು, ಇನ್ನೊಮ್ಮೆ ಹಾಕಿಸಿ ನೋಡಿದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಅಣ್ಣ ಮೊದಲ ಸಲ ಉಣ್ಣೂಕೆ ಬಂದ” ಎಂದಳು. “ಎರಡನೇ ಸಲ ನೀನು ಮಾತು ಕೊಟ್ಟದ್ದನ್ನ ಕಾಣೂಕೆ ಬಂದ. ಇನ್ನು ಅದನ್ನ ಮುರಿಯೂದುಂಟಾ?”

“ಎಲ್ಲಾದ್ರೂ ಉಂಟಾ?” ಎಂದರು ಭಾಸ್ಕರ, ಪರಮೇಶ್ವರಿ ಒಟ್ಟಿಗೇ.

“ಮತ್ತೆ, ಈ ಕ್ಯಾಮೆರಾ ಎಸೆಯೂದು ಬೇಡ” ಎಂದು ಮಂಗಲತ್ತೆ ಅದನ್ನು ಚೀಲಕ್ಕೆ ಇಳಿಸಿಕೊಂಡಳು. “ಕಾಗಾಲದಲ್ಲಿ ನನ್ನ ಹಿತ್ತಲಿಗೆ ಕಟ್ತೆ. ಅಣ್ಣ ತಂಗಿ ಮನೆಗೂ ಬರ್ತ್ನಲ್ಲ, ದಿನಾ ಕಾಣ್ಲಕ್ಕು. ಆಯ್ತವಾರ ಬಂದು ಹ್ಯಾಂಗೆ ನೋಡೂದು ಹೇಳಿ ಕಲಿಸಿಕೊಡು.”

ಅಂಗಳದಿಂದ ಭಾಸ್ಕರ ಕೂಗಿದ. ಎಂಜಿನ್ ಒಬ್ಬನಿಂದ ಏಳುತ್ತಿರಲಿಲ್ಲ. ಉದಯ ಪಂಚೆ ಎತ್ತಿ ಕಟ್ಟಿ ಹೋಗಿ ಇನ್ನೊಂದು ಬದಿ ಹಿಡಿದ. ಕೈಯಲ್ಲಿದ್ದದ್ದೆಲ್ಲ ಹೋಗುತ್ತಿದ್ದರೂ ಅವನ ಮುಖದ ನಗು ಮಾತ್ರ ಮಾಸಲಿಲ್ಲ.