ಮದುಮಗನ ಕ್ಲಾರಿನೆಟ್ಟು ನಾನು ಊದಿದ್ದು

ಕೊಳಲಿಗೆ ತೂತುಗಳಿವೆ, ಕ್ಲಾರಿನೆಟ್ಟಿಗೂ ತೂತುಗಳಿವೆ. ಆದ್ದರಿಂದ ಕೊಳಲು ಬಲ್ಲವನಿಗೆ ಕ್ಲಾರಿನೆಟ್ಟೂ ಬರಲೇಬೇಕು. ಮಂಗಳೂರಿನ ಕಾಲೇಜಿನ ಚರ್ಚಾಕೂಟದಲ್ಲಿ ಪಳಗಿ ಬಂದಿದ್ದ ನನಗೆ ಈ ವಾದದಲ್ಲಿ ಲೋಪವೇ ಕಾಣಲಿಲ್ಲ. ನನಗೆ ಕೊಳಲೂ ಬರುತ್ತಿರಲಿಲ್ಲ ಎಂಬುದು ಸಣ್ಣ ವಿಷಯ.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ನನ್ನ ಅಕ್ಕ ರೆಜಿನಾಳ ಮದುವೆ ನಿಶ್ಚಯವಾಯಿತು. ನಮ್ಮ ಕ್ರೈಸ್ತರಲ್ಲಿ ಮದುವೆ ಮುಗಿಸಿ ಇಗರ್ಜಿಯಿಂದ ಮನೆಗೆ ಬರುವಾಗ ಮದುಮಕ್ಕಳ ಮುಂದೆ ಬ್ಯಾಂಡು ನಡೆಯಬೇಕು. ನಮ್ಮೂರು ಪುತ್ತಿಗೆಯ ಸುತ್ತಮುತ್ತ ಇದ್ದದ್ದು ಒಂದು ಬ್ಯಾಂಡು, ಅದರಲ್ಲಿ ಒಂದು ಕ್ಲಾರಿನೆಟ್ಟು, ಅದನ್ನು ಊದಬಲ್ಲವರು ಲಾದ್ರು ಒಬ್ಬರೇ. ಮದುಮಗನೂ ಅವರೇ.

"ಬರೀ ಡೋಲು, ತುತ್ತೂರಿ ಆದ್ರೆ ಹರಾಜಿಗೆ ಡಂಗುರ ಹೊಡೆದ ಹಾಗೆ ಆಗ್ತದೆ," ಎಂದು ಅಕ್ಕ ಕಣ್ಣೊರೆಸಿಕೊಂಡಳು.

"ನಾನು ಊದ್ತೇನೆ," ಎಂದೆ.

ಅವಳು ಇನ್ನಷ್ಟು ಅತ್ತಳು.

ಲಾದ್ರು ಬಾವ ಪಾಠ ಆರಂಭಿಸಿದರು. "ತುದಿಗೆ ಕಟ್ಟುವ ಈ ತೆಳು ಸೀಳು ಉಂಟಲ್ಲ, ಇದು ರೀಡು. ಮೊದಲು ಬಾಯಲ್ಲಿಟ್ಟು ಒದ್ದೆ ಮಾಡು."

"ಎಂತಕ್ಕೆ ಬಾವ? ಒದ್ದೆ ಕಟ್ಟಿಗೆ ಉರಿಯುವುದಿಲ್ಲ, ಒದ್ದೆ ರೀಡು ನುಡಿಯುವುದು ಹೇಗೆ? ಇದು ಮೂಢನಂಬಿಕೆ."

"ಸರಿ. ಹಲ್ಲಲ್ಲಿ ಕಚ್ಚಬೇಡ. ಕೆನ್ನೆ ಉಬ್ಬಿಸಬೇಡ."

"ಹಿಡಿತವೂ ಬೇಡ, ಗಾಳಿಯೂ ಬೇಡ. ಮತ್ತೆ ಊದುವುದು ಯಾವುದರಿಂದ?"

"ಮಾರಾಯ, ತೂತನ್ನಾದ್ರೂ ಪೂರ್ತಿ ಮುಚ್ಚು. ಬೆರಳಿನ ಸಂದಿಯಲ್ಲಿ ಗಾಳಿ ಹೋಗ್ತಾ ಉಂಟು."

"ಮುಚ್ಚುವುದೇ ಆದ್ರೆ ಕೊರೆದದ್ದು ಯಾಕೆ?"

ವಾದದಲ್ಲಿ ನಾನು ಗೆದ್ದೆ. ಆಮೇಲೆ ಊದಿದೆ. ಹಟ್ಟಿಯ ದನ ಹಗ್ಗ ಕಿತ್ತುಕೊಂಡು ಓಡಿತು.

ಮದುವೆಯ ದಿನ ಮದುಮಕ್ಕಳು ಇಗರ್ಜಿಯ ಮೆಟ್ಟಿಲಿಳಿದರು. ನಾನು ಒಣ ರೀಡನ್ನು ಕಚ್ಚಿ, ಕೆನ್ನೆ ಉಬ್ಬಿಸಿ, ಸರ್ವಶಕ್ತಿಯಿಂದ ಊದಿದೆ. ಕುತ್ತಿಗೆ ಹಿಚುಕಿದ ಬಾತುಕೋಳಿಯ ಸ್ವರ ಬಂತು. ಮಕ್ಕಳು ನಕ್ಕರು. ಅಕ್ಕ ತಲೆ ತಗ್ಗಿಸಿದಳು. ಡೋಲಿನವನು ಕನಿಕರಪಟ್ಟು, ನನ್ನ ಸ್ವರ ಮುಚ್ಚಲೆಂದು ಜೋರಾಗಿ ಬಡಿದ. ನಾನು ಸೋಲುವವನೇ? ಅವನಿಗಿಂತ ಜೋರಾಗಿ ಊದಿದೆ. ರೀಡು ಸೀಳಿತು. ಜೊತೆಗೆ ನನ್ನ ಕೆಳತುಟಿಯೂ.

ಬಾವ ಕೋಟಿನ ಕಿಸೆಯಿಂದ ಇನ್ನೊಂದು ರೀಡು ತೆಗೆದು ಬಾಯಿಗಿಟ್ಟುಕೊಂಡರು. ಮದುಮಗ ಕಿಸೆಯಲ್ಲಿ ರೀಡು ಇಟ್ಟುಕೊಂಡೇ ಮದುವೆಗೆ ಬಂದಿದ್ದರು. ನನ್ನ ಮೇಲೆ ಅವರಿಗೆ ಅಷ್ಟು ವಿಶ್ವಾಸ. ಕೈಗೆ ಅಡ್ಡವಾಗುತ್ತದೆಂದು ಕೊರಳ ಹಾರ ತೆಗೆದು ನನಗೆ ಹಾಕಿದರು, ಟೊಪ್ಪಿಯನ್ನೂ ನನ್ನ ತಲೆಗಿಟ್ಟರು. ಮತ್ತೆ ನನ್ನ ಕೈಯಿಂದ ಕ್ಲಾರಿನೆಟ್ಟು ತೆಗೆದುಕೊಂಡು, ತಮ್ಮ ಮದುವೆಗೆ ತಾವೇ ಊದುತ್ತ ಮುಂದೆ ನಡೆದರು. ಅಕ್ಕ ತಲೆ ಎತ್ತಿದಳು. ಅಂಥ ಸಂತೋಷ ಅವಳ ಮುಖದಲ್ಲಿ ನಾನು ಕಂಡದ್ದೇ ಇಲ್ಲ. ನಾನು ಕೆಡಿಸಿದ ದಿನವನ್ನು ಹೀಗೆ ನೆಟ್ಟಗೆ ಮಾಡಿದ ಬಾವನಿಗೆ ನಾನು ಜೀವಮಾನದ ಋಣಿ. ಆ ಡೋಲಿನವನಿಗೂ.

ಊದಿಕೊಂಡ ತುಟಿ ಹೊತ್ತು ನಾನು ಅಕ್ಕನ ಪಕ್ಕದಲ್ಲಿ ತೆಪ್ಪಗೆ ಹೆಜ್ಜೆ ಹಾಕಿದೆ. ದಾರಿಬದಿಯ ಅಜ್ಜಿಯೊಬ್ಬರು ಹಾರ ಕಂಡು ನನ್ನನ್ನೇ ಮದುಮಗ ಎಂದುಕೊಂಡರು.

"ಹುಡುಗ ಪಾಪದವ," ಎಂದು ಪಕ್ಕದವಳಿಗೆ ಹೇಳಿದರು. "ನೋಡು, ಬಾಯೇ ಇಲ್ಲ."

ಖಂಡಿಸಬೇಕೆಂದು ಬಾಯಿ ತೆರೆದೆ. ಗಾಳಿ ಮಾತ್ರ ಬಂತು.