ಉಪಚಾರ ಕಲಿಯಾಕ ಎರಡು ವರ್ಷದ ಸಾಲಿ

ಡಿಗ್ರಿ ಮುಗಿದ ಮ್ಯಾಲೆ ಮತ್ತೆರಡು ವರ್ಷ ಇಂಟರ್‌ನ್ಯಾಷನಲ್ ಹಾಸ್ಪಿಟಾಲಿಟಿ ಮ್ಯಾನೇಜ್‌ಮೆಂಟ್ ಓದಾಕ ಹೋದಾಕಿ ನಮ್ಮ ಪೈಕಿಯೊಳಗ ನಾ ಒಬ್ಬಾಕೀನ. ದೇಶ ದೇಶದ ಮಂದಿ ಹೋಟೆಲಿಗೆ ಬಂದ್ರ ಅವರನ್ನ ಹ್ಯಾಂಗ ನೋಡ್ಕೋಬೇಕು ಅನ್ನೋದನ್ನ ಕಲಿಸೋ ಸಾಲಿ. ಇದನ್ನ ಕೇಳಿದ ಟಿಕೋಟಾದ ನಮ್ಮ ಆಯಿ, ಅಂದ್ರ ಅಪ್ಪನ ತಾಯಿ, ಬಾಯಿ ಮ್ಯಾಲೆ ಕೈ ಇಟ್ಕೊಂಡು, "ಬಂದವರಿಗೆ ಒಂದು ತಂಬಿಗಿ ನೀರು ಕೊಟ್ಟು, ಬರ್ರಿ, ಕುಂದರ್ರಿ ಅನ್ನಾಕ ಎರಡು ವರ್ಷ ಬೇಕೇನ ಬೇ? ಅಷ್ಟು ದಡ್ಡಿ ಅದೀಯೇನು?" ಅಂದ್ಲು. ಅವತ್ತಿನಿಂದ ಇಂಥಾವು ಒಂದಲ್ಲ ಒಂದು ನಡೀತಾನ ಅದಾವು.

ಒಂದು ಮಾತು ಮೊದಲ ಹೇಳ್ತೇನಿ. ನಮ್ಮ ಓದಿನ ಕಡೀ ತರಬೇತಿ ಪರದೇಶದಾಗ. ಎಲ್ಲಾರಿಗೂ ಸೀಟಿಲ್ಲ. ಅಲ್ಲಿಂದ ಒಬ್ಬರು ಪರೀಕ್ಷಕ ಮೇಡಮ್ಮಾರು ಬರ್ತಾರ, ಅವರು ಹೂಂ ಅಂದವರಷ್ಟ ಹೋಗೋದು. ಹೂಂ ಅನ್ಲಿಲ್ಲಂದ್ರ ವಿಜಯಪುರದಾಗ ಅಪ್ಪನ ಖಾನಾವಳಿ ಐತಿ, ಬಂದು ಗಲ್ಲಾದ ಮ್ಯಾಲೆ ಕುಂದರು ಅಂತ ಅಪ್ಪ ಹೇಳಿ ಬಿಟ್ಟಿದ್ದ. ನನಗೋ, ಹೋಗಬೇಕು ಅಂತ ಜೀವ ತುಡೀತಿತ್ತು.

೧. ಚೀಟಿ ಮತ್ತು ಟವೆಲ್ಲು

ಬಬಲೇಶ್ವರದಾಗ ಸೋದರಮಾವನ ಮೊಮ್ಮಗನ ತೊಟ್ಲ ಕಾರ್ಯಾ. "ನಮ್ಮ ಹುಡುಗಿ ಇದನ್ನ ಓದಾಕತ್ತಾಳ" ಅಂತ ಮಾವ ಊಟದ ಪಂಕ್ತಿ ನನ್ನ ಕೈಯಾಗ ಕೊಟ್ಟ. ನೂಕಾಟ ಆಗಬಾರದು, ಬೀಗರು ಎಲ್ಲಿ, ಹಿರಿಯರು ಎಲ್ಲಿ ಅಂತ ವಿಚಾರ ಮಾಡಿ, ಸಾಲ್ಯಾಗ ಕಲಿಸಿದ್ಹಂಗ ಒಂದೊಂದು ಎಲಿ ಮುಂದ ಒಂದೊಂದು ಹೆಸರಿನ ಚೀಟಿ ಇಟ್ಟೆ. ನೀರಿನ ಜಗ್ ತರಾಕ ಒಳಗ ಹೋಗಿ ಬರೋದ್ರಾಗ ಎಲ್ಲಾ ಕುರ್ಚಿ ಮ್ಯಾಲೆ ಟವೆಲ್ಲು, ದಸ್ತಿ, ಒಂದರ ಮ್ಯಾಲೆ ಸಂತಿ ಚೀಲ! ಹಾಕಿದವರು ಹೊರಗ ಎಲಿ ಅಡಿಕಿ ಹಾಕ್ಕೊಂತ ಆರಾಮ ನಿಂತಾರ. ಬಸ್ಸಿನ ಕಿಟಕ್ಯಾಗಿಂದ ಸೀಟು ಹಿಡಿಯೋ ಮಂದಿ, ಇವರಿಗೆ ನಾ ಏನ್ ಕಲಿಸಲಿ?

ಒಬ್ಬರ ಹತ್ರ ಹೋಗಿ, "ಕಾಕಾ, ಅಲ್ಲಿ ಬ್ಯಾರೇದವರ ಹೆಸರೈತ್ರಿ" ಅಂದೆ.

"ನೋಡೇನಿ ತಂಗಿ, ಐತಿ. ಆದ್ರ ಅವರು ಟವೆಲ್ ಹಾಕಿಲ್ಲಲ್ಲ?" ಅಂದ್ರು.

೨. ಎಬ್ಬಿಸೋ ಫೋನು

ವಿಜಯಪುರದ ಒಂದು ಹೋಟೆಲಿನ್ಯಾಗ ತರಬೇತಿಗಂತ ನನ್ನ ರಿಸೆಪ್ಷನ್ ಕೌಂಟರಿಗೆ ಹಾಕಿದ್ರು. ಮಗಳ ಮದುವಿ ಜವಳಿ ತಗೊಳ್ಳಾಕ ಕನಮಡಿಯಿಂದ ಬಂದ ಹಿರಿಯರೊಬ್ಬರು ರೂಮ್ ಮಾಡಿದ್ರು. "ಮುಂಜಾನೆ ಎಷ್ಟಕ್ಕ ಫೋನ್ ಮಾಡಿ ಎಬ್ಬಿಸಲಿ ಯಜಮಾನ್ರ?" ಅಂತ ಪಾಠದ ಪ್ರಕಾರ ಕೇಳಿದೆ. ಅವರಿಗೆ ನಗು ತಡೀಲಿಲ್ಲ. "ನನ್ನ ಎಬ್ಬಸ್ತಿಯೇನು! ಆತು, ಐದಕ್ಕ ಮಾಡವಾ" ಅಂದ್ರು.

ನಸುಕಿನ್ಯಾಗ ಕೌಂಟರಿನ ಮ್ಯಾಲೆ ತಲಿ ಇಟ್ಟು ಒಂದೀಟು ಕಣ್ಣು ಮುಚ್ಚೇನಿ, ಯಾರೋ ಟಪ್ ಟಪ್ ಅಂತ ಬಡಿದ್ರು. ನೋಡಿದ್ರ ಅವರ! ಜಳಕ ಮಾಡಿ, ವಿಭೂತಿ ಹಚ್ಕೊಂಡು, ರುಮಾಲ ಸುತ್ತಿ ನಿಂತಾರ. "ಏಳ ತಂಗಿ, ಐದಾತು. ನನ್ನ ಎಬ್ಬಿಸೋ ಹೊತ್ತು ತಪ್ಪೀತು ಅಂತ ಬಂದೆ" ಅಂದ್ರು.

ನಾ ಗಡಬಡಿಸಿ ಎದ್ದು, ತಪ್ಪಾತ್ರಿ ಅಂದೆ. "ಇರಲಿ ಬಿಡು, ನಿನ್ನ ಕೆಲಸ ಯಾಕ ಕೆಡಬೇಕು? ನಾ ಮ್ಯಾಲೆ ಹೋಗ್ತೇನಿ, ನೀ ಫೋನ್ ಮಾಡು" ಅಂತ ಹೇಳಿ ಹೋಗಿ ರೂಮಿನ್ಯಾಗ ಕುಂತ್ರು. ಮಾಡಿದೆ.

"ಹೂಂ, ಈಗ ಎದ್ದೆ ನೋಡವಾ" ಅಂದ್ರು.

೩. ಉಪ್ಪಿನ ದೂರು

ಸಾಲಿಗೆ ಸೂಟಿ ಇದ್ದಾಗ ಅಪ್ಪನ ಖಾನಾವಳ್ಯಾಗ ನಿಂತಿದ್ದೆ. ಗಿರಾಕಿ ದೂರು ಹೇಳಿದ್ರ ವಾದ ಮಾಡಬಾರದು, ತಪ್ಪಾತು ಅನ್ನಬೇಕು, ಏನರ ಕೊಟ್ಟು ಸಮಾಧಾನ ಮಾಡಬೇಕು, ಇದು ನಮ್ಮ ಪಾಠ. ಒಬ್ಬರು, "ಬದ್ನಿಕಾಯಿ ಪಲ್ಯಾ ಉಪ್ಪಾಗೇತಿ" ಅಂದ್ರು. ನಾ ಕೈ ಮುಗಿದು, ಒಂದು ಶೇಂಗಾ ಹೋಳಿಗಿ ಮ್ಯಾಲೆ ತುಪ್ಪ ಸುರುವಿ ಪುಕ್ಕಟೆ ಕೊಟ್ಟೆ. ಅಪ್ಪ ನೋಡಿದ, ಸುತ್ತ ಕುಂತವರೂ ನೋಡಿದ್ರು.

ಮರುದಿನ ಕುಂತವರೆಲ್ಲಾ ಮೊದಲ ತುತ್ತಿಗೆ ಮಾರಿ ಕಿವುಚಾಕತ್ರು. "ಏನ್ ಉಪ್ಪವಾ ಇದು!" "ನಾಲಿಗಿ ಸುಟ್ಟು ಹೋತು!" ನಾ ಹೋಳಿಗಿ ಡಬ್ಬಿ ಎತ್ಕೊಂಡು ಹೊಂಟಿದ್ದೆ, ಅಷ್ಟರಾಗ ಅಪ್ಪ ಅಡಗಿಮನಿಯಿಂದ ಓಡಿ ಬಂದ. "ತಡ್ರೆಪಾ ತಡ್ರಿ, ಇವತ್ತ ಪಲ್ಯಾಕ್ಕ ಉಪ್ಪು ಹಾಕೋದ ಮರತೇನಿ. ಈಗ ತಂದು ನೀಡ್ತೇನಿ" ಅಂದ.

ಎಲ್ಲಾರೂ ತಲಿ ತಗ್ಗಿಸಿ ರೊಟ್ಟಿ ಮುರಿಯಾಕತ್ರು. ಮೂಲ್ಯಾಗಿಂದ ಒಬ್ಬರು ಮೆಲ್ಲಕ, "ಹಂಗಿದ್ರ ಸಪ್ಪಗೈತಿ ಅಂತ ಕೊಡ್ರಲ್ಲ, ಹೋಳಿಗಿ" ಅಂದ್ರು.

೪. ಒಮ್ಮಿ ಅಷ್ಟ ಕೇಳಬೇಕು

ಇನ್ನ ಪರೀಕ್ಷಕ ಮೇಡಮ್ಮಾರ ಕತಿ. ಅವರನ್ನ ಒಂದು ಮನಿಗೆ ಕರಕೊಂಡು ಹೋಗಿ ನಮ್ಮ ಕಡೀ ಊಟ ಮಾಡಿಸಬೇಕು, ಅದ ಪರೀಕ್ಷೆ. ನಾ ಟಿಕೋಟಾದ ಆಯಿ ಮನಿ ಆರಿಸಿದೆ. ಚಿಂತಿ ಒಂದ ಇತ್ತು. ಯಾಕಂದ್ರ ನಮ್ಮ ಆಯಿ ನೀಡಾಕ ನಿಂತ್ಲಂದ್ರ, ಸಾಕು ಅಂತ ತಾಟಿಗೆ ಕೈ ಅಡ್ಡ ಹಿಡಿದ್ರೂ ಆ ಕೈ ಮ್ಯಾಲೆನ ರೊಟ್ಟಿ ಇಟ್ಟು ಬಿಡ್ತಾಳ. ಮೊದಲ ಹೋಗಿ ತಾಕೀತು ಮಾಡಿದೆ. "ಆಯಿ, ಒಮ್ಮಿ ಅಷ್ಟ ಕೇಳಬೇಕು. ಬ್ಯಾಡ ಅಂದ್ರ ಮತ್ತ ಕೇಳಬಾರದು. ಒತ್ತಾಯ ಮಾಡಿದ್ರ ನನ್ನ ಸೀಟು ಹೋಗ್ತೈತಿ."

"ಬಂದವರಿಗೆ ಒಮ್ಮಿ ಅಷ್ಟ ಕೇಳೋದಾ? ಥೂ! ಆತು ಬಿಡು, ನಿನ್ನ ಸಲುವಾಗಿ ಬಾಯಿ ಕಟ್ಕೊಂತೇನಿ" ಅಂದ್ಲು.

ವಿಜಯಪುರದಿಂದ ಕಾರಿನ್ಯಾಗ ಬರುಮುಂದ ಮೇಡಮ್ಮಾರು ನಮ್ಮ ಕಡೀ ರೀತಿ ರಿವಾಜು ಕೇಳಿದ್ರು. ನಾ ಹುರುಪಿನ್ಯಾಗ ಹೇಳಿದೆ: "ಇಲ್ಲೆ ಕೇಳಿದ ಕೂಡಲೆ ಹೂಂ ಅನ್ನೋದಿಲ್ರಿ. ಎರಡು ಸಲ ಬ್ಯಾಡ ಅನ್ನಬೇಕು, ಮೂರನೇ ಸಲಕ್ಕ ಹೂಂ ಅನ್ನಬೇಕು." ಅವರು 'ಬ್ಯಾಡ್ರಿ', 'ಹೂಂ', ಎರಡೂ ಶಬ್ದ ದಾರಿ ತುಂಬ ಬಾಯಿಪಾಠ ಮಾಡಿದ್ರು.

ತಾಟಿನ ಮುಂದ ಕುಂತ್ರು. ಆಯಿ ಬಿಸಿ ರೊಟ್ಟಿ ಹಿಡಕೊಂಡು, "ನೀಡ್ಲೇನ ಯವ್ವಾ?" ಅಂದ್ಲು.

"ಬ್ಯಾಡ್ರಿ."

ಆಯಿ ನನ್ನ ಮಾರಿ ನೋಡಿ, ರೊಟ್ಟಿ ಹೊಳ್ಳಿ ಬುಟ್ಟ್ಯಾಗ ಇಟ್ಲು. ಎಣಗಾಯಿ ಪಲ್ಯಾ ತಂದ್ಲು. "ಬ್ಯಾಡ್ರಿ." ಅದೂ ಒಳಗ ಹೋತು. ಶೇಂಗಾ ಚಟ್ನಿ, ಗಟ್ಟಿ ಮಸರು, ಎಲ್ಲಾ ಬಂದ್ವು, ಎಲ್ಲಾ ಹೋದ್ವು. ಮೇಡಮ್ಮಾರು ಖಾಲಿ ತಾಟಿನ ಮುಂದ ಕುಂತು ಬುಟ್ಟಿ ನೋಡ್ಕೊಂತ ಉಗುಳು ನುಂಗಾಕತ್ರು. ಆಯಿ ಸೆರಗು ಬಾಯಿಗೆ ಒತ್ಕೊಂಡು ನಿಂತಾಳ. ಆಗ ನನ್ನ ತಲಿಗೆ ಹೊಳೀತು, ಇಬ್ಬರಿಗೂ ಬ್ಯಾರೆ ಬ್ಯಾರೆ ಪಾಠ ಮಾಡಿದಾಕಿ ನಾನ! ಅಯ್ಯ ಯಪ್ಪಾ, ಸೀಟು ಹೋತು ಅಂದ್ಕೊಂಡೆ.

"ಹಸದಾಕಿ ಹಂಗ ಎದ್ದು ಹೋಗ್ತಾಳ ಬೇ, ಬೆಂಕಿ ಹಚ್ಚಲಿ ನಿನ್ನ ಸಾಲಿಗೆ!" ಅಂದ್ಲು ಆಯಿ.

"ಕೇಳ ಆಯಿ, ಎಷ್ಟು ಸಲ ಬೇಕಾದ್ರೂ ಕೇಳ!" ಅಂದೆ.

ಕಟ್ಟಿದ್ದ ಬಾಯಿ ಬಿಚ್ತು ನೋಡ್ರಿ. ಎರಡನೇ ಸಲಕ್ಕ "ಬ್ಯಾಡ್ರಿ." ಮೂರನೇದು ಕೇಳಿ ಮುಗಿಯೋದ್ರೊಳಗ "ಹೂಂ ಹೂಂ!" ಆಮ್ಯಾಲೆ ಹೊಟ್ಟಿ ತುಂಬಿ ಖರೇವಂದ್ರ ಖರೇ ಬ್ಯಾಡ್ರಿ ಅಂದ್ರೂ ಆಯಿ ನಂಬಲಿಲ್ಲ. ಕಡೀಕ ಮೇಡಮ್ಮಾರ ಕೈ ಮ್ಯಾಲೂ ಒಂದು ರೊಟ್ಟಿ ಬಿತ್ತು.

ಹೊಂಟು ಕಾರಿನ ಹತ್ರ ಬಂದಾಗ ನಾ ಧೈರ್ಯ ಮಾಡಿ ಕೇಳೇ ಬಿಟ್ಟೆ. "ಮೇಡಮ್, ಪರದೇಶದ ತರಬೇತಿಗೆ ನನ್ನ ತಗೋತೀರೇನ್ರಿ?"

ಅವರು ಮಾರಿ ಬಿಗಿ ಮಾಡಿ, "ಬ್ಯಾಡ್ರಿ" ಅಂದ್ರು.

ನನ್ನ ಕಣ್ಣಾಗ ನೀರು ಬಂದ್ವು. ಹಿಂದಿನಿಂದ ಆಯಿ ಬೆನ್ನಿಗೆ ಒಂದು ಗುದ್ದಿದ್ಲು. "ಅಳ್ತಿ ಯಾಕ ಬೇ? ಮತ್ತ ಕೇಳು!"

ಕೇಳಿದೆ. "ಬ್ಯಾಡ್ರಿ" ಅಂದ್ರು. ಈ ಸಲ ತುಟಿ ಒಂದೀಟು ನಗಾಕತ್ತಿತ್ತು.

ಮೂರನೇ ಸಲ ನಾ ಬಾಯಿ ತೆರೆಯೋದ್ರಾಗ ಆಯೀನ ಮುಂದ ಬಂದು, "ನಮ್ಮ ಹುಡುಗೀನ್ನ ಕರಕೊಂಡು ಹೋಗ್ತೀಯೇನ ಯವ್ವಾ?" ಅಂದ್ಲು.

ಮೇಡಮ್ಮಾರು ಎರಡೂ ಕೈಲೆ ಹೊಟ್ಟಿ ಹಿಡಕೊಂಡು, "ಹೂಂ!" ಅಂದ್ರು.