ಕುಟುಂಬಕ್ಕೆ ಸೇರದ ಅಪ್ಪಯ್ಯ

ಫಾರಂ ತುಂಬುವುದರಲ್ಲಿ ನನ್ನನ್ನು ಮೀರಿಸಿದವರು ಬ್ರಹ್ಮಾವರದಲ್ಲಿ ಯಾರೂ ಇಲ್ಲ ಎಂದು ನಾನೇ ಅಲ್ಲಲ್ಲಿ ಹೇಳಿಕೊಂಡು ಬಂದಿದ್ದೇನೆ. ಬೇರೆಯವರು ಹೇಳದಿದ್ದ ಮೇಲೆ ನಾನಾದರೂ ಹೇಳಬೇಕಲ್ಲ. ಸರಕಾರಿ ಕಚೇರಿಯ ಗುಮಾಸ್ತನಾಗಿ ಮೂವತ್ತು ವರ್ಷ ನಾನು ಮಾಡಿದ್ದು ಜನಸೇವೆ. ಅಂದರೆ, ಜನ ತಂದ ಅರ್ಜಿಯಲ್ಲಿ ತಪ್ಪು ಹುಡುಕಿ ವಾಪಸು ಕೊಡುವುದು. ಒಬ್ಬ ಪುಣ್ಯಾತ್ಮ ಹೆಂಡತಿಯ ಹೆಸರಿನ ಜಾಗದಲ್ಲಿ ತನ್ನದೇ ಹೆಸರು ಬರೆದು ತಂದಿದ್ದ. ಆ ಕತೆಯನ್ನು ಎಷ್ಟು ಮದುವೆಮನೆಗಳಲ್ಲಿ ಹೇಳಿದ್ದೇನೆಂದರೆ, ಈಗ ನಾನು ಬಾಯಿ ತೆರೆದರೆ ಪಂಕ್ತಿಯಲ್ಲಿ ಪಕ್ಕದವರು ಪಾಯಸ ಬಿಟ್ಟು ಕೈ ತೊಳೆಯಲು ಏಳುತ್ತಾರೆ.

ಇಂಥ ನನಗೆ ಕಳೆದ ವರ್ಷ ಮಲದಲ್ಲಿ ರಕ್ತ ಕಾಣಿಸಿತು. ಮೂಲವ್ಯಾಧಿ ಎಂದು ನಾನೇ ತೀರ್ಪು ಕೊಟ್ಟು, ಮಜ್ಜಿಗೆ ಕುಡಿದುಕೊಂಡು ಎರಡು ತಿಂಗಳು ದೂಡಿದೆ. ಹೆಂಡತಿ ಜಲಜ ಕೊನೆಗೆ ಕುಂದಾಪುರದ ಆಸ್ಪತ್ರೆಗೆ ಎಳೆದೊಯ್ದಳು. ಡಾಕ್ಟರು ಘಟ್ಟದ ಮೇಲಿನವರು, ಊರಿಗೆ ಹೊಸಬರು. ಕೊಳವೆ ಹಾಕಿ ಕರುಳು ನೋಡುವುದು ಹೇಗೂ ಇದೆ. ಆದರೆ ಕರುಳಿನ ಕ್ಯಾನ್ಸರಿನ ಅಪಾಯ ಕೆಲವರಿಗೆ ಜೀನಿನಲ್ಲೇ ಬಂದಿರುತ್ತದೆ, ಮನೆಯವರ ವಿವರ ಸಿಕ್ಕರೆ ಅದಕ್ಕೊಂದು ರಕ್ತಪರೀಕ್ಷೆ ಬೇಕೋ ಬೇಡವೋ ಹೇಳಬಹುದು ಎಂದು ನಾಲ್ಕು ಪುಟದ ಫಾರಂ ಕೊಟ್ಟರು. ಕಾಯಿಲೆ ಮರೆತು ನನಗೆ ಖುಷಿಯಾಯಿತು. 'ನಿಮ್ಮ ಕುಟುಂಬದಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಇತ್ತೇ?' ಅಮ್ಮ, ಅಜ್ಜಿ, ಅಜ್ಜಿಯ ಅಮ್ಮ, ನಾಲ್ಕು ಮಂದಿ ಸೋದರಮಾವಂದಿರು, ಎಲ್ಲರನ್ನೂ ವಯಸ್ಸಿನ ಸಮೇತ ಬರೆದೆ. ತೊಂಬತ್ತು ದಾಟಿದ ಮೇಲೂ ಜಗಳ ಬಿಡದ ಜನ. 'ಇಲ್ಲ' ಎಂದು ಬರೆದು ಅಡಿಗೆರೆ ಎಳೆದೆ.

"ಒಳ್ಳೆಯ ಮನೆತನ ಸಾರ್," ಎಂದರು ಡಾಕ್ಟರು.

ಜಲಜ ಇಣುಕಿ ನೋಡಿದಳು. "ಹ್ವಾಯ್, ನಿಮ್ಮ್ ಅಪ್ಪಯ್ಯ ಎಲ್ಲಿ?"

"ಅಪ್ಪಯ್ಯ ನಮ್ಮ್ ಕುಟುಂಬ ಅಲ್ಲ ಅಲ್ದಾ," ಎಂದೆ.

ಡಾಕ್ಟರ ಪೆನ್ನು ನಿಂತಿತು. ಪಾಪ, ಅವರಿಗೆ ಅಳಿಯಕಟ್ಟು ಗೊತ್ತಿರಲಿಲ್ಲ. ನಮ್ಮಲ್ಲಿ ಕುಟುಂಬವೆಂದರೆ ತಾಯಿಯ ಕಡೆ, ಆಸ್ತಿ ಸೋದರಮಾವನಿಂದ ಸೋದರಳಿಯನಿಗೆ, ಅಪ್ಪ ಅವರಮ್ಮನ ಕುಟುಂಬ, ನನ್ನ ಮಗಳು ನನ್ನ ಹೆಂಡತಿಯ ಕುಟುಂಬ ಎಂದು ಬಿಡಿಸಿ ಹೇಳಿದೆ. ಅಪ್ಪಯ್ಯನ ಬೈಂದೂರಿನ ಮನೆಯಿಂದ ಒಂದು ಚಮಚವನ್ನೂ ತಂದವನಲ್ಲ ಎಂದು ಹೆಮ್ಮೆಯಿಂದ ಸೇರಿಸಿದೆ.

"ಜೀನಿಗೆ ಅಳಿಯಕಟ್ಟು ಗೊತ್ತಿಲ್ಲ ಸಾರ್. ಅಮ್ಮನಿಂದ ಬಂದ ಹಾಗೇ ಅಪ್ಪನಿಂದಲೂ ಬರುತ್ತೆ," ಎಂದು ಅವರು ಫಾರಂ ವಾಪಸು ಕೊಟ್ಟರು. ನನ್ನ ಫಾರಂ, ವಾಪಸು.

ಅಪ್ಪಯ್ಯ ನಲವತ್ತೆಂಟಕ್ಕೇ ಹೋದವರು. ಹೊಟ್ಟೆಬೇನೆ ಎಂದಷ್ಟೇ ನಮಗೆ ಗೊತ್ತು. ಬೈಂದೂರಿನಲ್ಲಿರುವ ಅವರ ತಂಗಿಗೆ, ಅಂದರೆ ನನ್ನ ಅತ್ತೆಗೆ, ಎಷ್ಟೋ ವರ್ಷಗಳ ಮೇಲೆ ಫೋನು ಮಾಡಿದೆ. "ಕರುಳಿನ ಕ್ಯಾನ್ಸರ್ ಮಗಾ. ನಿನ್ನ್ ಅಪ್ಪಯ್ಯಂಗೂ ಅದೇ, ನಮ್ಮ್ ದೊಡ್ಡಣ್ಣಂಗೂ ಅದೇ," ಎಂದರು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳುವ ಧೈರ್ಯವನ್ನೂ ಮಾಡಿದೆ. "ಕೇಂಬುಕೆ ನೀ ಯಾವಾಗ ಬಂದಿದ್ದೆ?" ಎಂದರು. ಕೇಳಲು ನಾನು ಯಾವತ್ತೂ ಹೋಗಿರಲಿಲ್ಲ.

ರಕ್ತಪರೀಕ್ಷೆಯಲ್ಲಿ ಬೈಂದೂರು ಸ್ಪಷ್ಟವಾಗಿ ಕಾಣಿಸಿತು. ಕೊಳವೆ ಹಾಕಿ ನೋಡಿ ಎರಡು ಗಂಟು ತೆಗೆದರು. ಪುಣ್ಯಕ್ಕೆ ಅವು ಇನ್ನೂ ಕ್ಯಾನ್ಸರ್ ಆಗಿರಲಿಲ್ಲ. ಇನ್ನು ಪ್ರತಿ ವರ್ಷ ಈ ಸೇವೆ ನಡೆಯಬೇಕಂತೆ. ಮಾವಂದಿರು ಗದ್ದೆ ಕೊಟ್ಟರು, ಅಪ್ಪಯ್ಯ ಏನೂ ಕೊಡಲಿಲ್ಲ ಎಂದು ಊರಿಡೀ ಹೇಳಿಕೊಂಡು ತಿರುಗಿದ್ದೆ. ಆ ಗದ್ದೆ ಮಾರಿ ಎಷ್ಟೋ ಕಾಲವಾಯಿತು. ಅಪ್ಪಯ್ಯ ಕೊಟ್ಟದ್ದು ಮಾತ್ರ ನನ್ನ ಹತ್ತಿರ ಭದ್ರವಾಗಿದೆ.

ಇಷ್ಟಕ್ಕೇ ಮುಗಿದಿದ್ದರೆ ನಕ್ಕುಬಿಡುತ್ತಿದ್ದೆ. ಕೋಟೇಶ್ವರದಲ್ಲಿ ಟೀಚರಾಗಿರುವ ಮಗಳು ಸುಮಾಳಿಗೂ ಇದು ದಾಟಿರುವ ಸಾಧ್ಯತೆ ಅರ್ಧಕ್ಕರ್ಧ ಎಂದು ಡಾಕ್ಟರು ಹೇಳಿದರು. ಅವಳು ಚಿಕ್ಕವಳಿದ್ದಾಗ ತಂಟೆ ಮಾಡಿದಾಗಲೆಲ್ಲ, "ಇದ್ ನಿನ್ನ್ ಕುಟುಂಬದ್ ಬುದ್ಧಿ, ನಂದಲ್ಲ," ಎಂದು ಜಲಜಳ ಕಡೆ ದೂಡುತ್ತಿದ್ದವನು ನಾನು. ಈಗ ಅವಳು ಅದೇ ನಾಲ್ಕು ಪುಟದ ಫಾರಂ ಹಿಡಿದು ಜಗಲಿಯಲ್ಲಿ ಕೂತಿದ್ದಳು.

"ಅಪ್ಪಯ್ಯ, ನಿಮ್ಮ್ ಕುಟುಂಬದ್ದ್ ನಮ್ಗೆ ಬಪ್ಪುದಿಲ್ಲೆ ಅಲ್ದಾ?" ಎಂದಳು, ನಗುತ್ತಲೇ.

"ಬತ್ತ್ ಮಗಾ," ಎಂದೆ. "ಫಾರಂ ಇತ್ತ ಕೊಡ್, ನಾನ್ ತುಂಬ್ತೆ," ಎಂದು ಕೈ ಚಾಚಿದೆ.

"ಬ್ಯಾಡ. ನೀವ್ ತುಂಬಿದ್ದ್ ವಾಪಸ್ ಬತ್ತ್," ಎಂದಳು. ನಾನು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದೆ. ಕುಟುಂಬ ಎಂದಿದ್ದ ಕಡೆ ಮೊದಲ ಸಾಲಿನಲ್ಲೇ ನನ್ನ ಹೆಸರಿತ್ತು. ಒಂದು ತಪ್ಪೂ ಸಿಗಲಿಲ್ಲ.